ನಿಮಗಿದು ಗೊತ್ತೆ? ನೆನೆದ ನೆಲ ಸದ್ದನ್ನು ಹೀರುವ ಬಗೆ
ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಎತ್ತರದ ಮರಳುಗಲ್ಲಿನ ಅಂಚಿನಿಂದ ಧುಮ್ಮಿಕ್ಕುವಾಗ ಅಬ್ಬರ ಗಾಳಿಯಲ್ಲಷ್ಟೇ ಅಲ್ಲ, ನೆಲದೊಳಗೂ ಅಲೆಯಾಗಿ ಹರಡುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ದಡವಿರಲಿ, ಮೂಡಲಗಿಯ ನೀರುಂಡ ಎರೆಭೂಮಿಯಿರಲಿ, ನೆನೆದ ನೆಲದಲ್ಲಿ ಅಲೆ ಸಾಗಿದಷ್ಟೂ ಸೊರಗುತ್ತದೆ. ಮಣ್ಣಿನ ಕಣಗಳು ಅಲುಗಿದಾಗ ಸಂದುಗಳಲ್ಲಿನ ನೀರು ಅವುಗಳ ಜೊತೆಗೆ ಸರಿಸಮನಾಗಿ ಅಲುಗುವುದಿಲ್ಲ. ಆ ತಿಕ್ಕಾಟದಲ್ಲಿ ಅಲೆಯ ಶಕ್ತಿ ಶಾಖವಾಗಿಬಿಡುತ್ತದೆ. ಕೀಚಲು ಸದ್ದು ಬೇಗ ಅಡಗುತ್ತದೆ, ಗುಡುಗಿನಂಥ ತಗ್ಗು ಸದ್ದು ದೂರ ಹೋಗುತ್ತದೆ. ನೀರಿನಲ್ಲಿ ಗಾಳಿಗುಳ್ಳೆಗಳಿದ್ದರೆ ನಷ್ಟ ಇನ್ನೂ ಹೆಚ್ಚು.

ಇದರ ಗಣಿತವನ್ನು 1956ರಲ್ಲಿ ಕೊಟ್ಟವರು ಬೆಲ್ಜಿಯಂ ಮೂಲದ ವಿಜ್ಞಾನಿ ಮಾರಿಸ್ ಬಿಯೋ. ಇಂಥ ವಸ್ತುವಿನಲ್ಲಿ ಇನ್ನೊಂದು 'ನಿಧಾನದ ಅಲೆ'ಯೂ ಇರಬೇಕೆಂದು ಅವರ ಲೆಕ್ಕ ಹೇಳಿತ್ತು. ಬೆರಗಿನ ಸಂಗತಿಯೆಂದರೆ, ಅದು ಪ್ರಯೋಗದಲ್ಲಿ ಸ್ಪಷ್ಟವಾಗಿ ಸಿಕ್ಕಿದ್ದು 1980ರಲ್ಲಿ, ಥಾಮಸ್ ಪ್ಲೋನಾ ಅವರಿಗೆ.