ತೊಟ್ಟಿಕ್ಕುವ ಕಾರ್ಬ್ಯುರೇಟರು

ಮಳೆಗಾಲ ಬಂತೆಂದರೆ ಖಾನಾಪುರದ ಹಲವು ಮನೆಗಳಲ್ಲಿ ಮೋಟಾರು ಸೈಕಲ್ಲು ಅಂಗಳ ಬಿಟ್ಟು ಪಡಸಾಲೆಗೆ ಏರುತ್ತದೆ. ಬೆಳಗಾವಿಯ ಶಹಾಪುರದ ಇಕ್ಕಟ್ಟಾದ ಓಣಿಗಳಲ್ಲಿ ಕೆಲವರಿಗೆ ವರುಷವಿಡೀ ಇದೇ ಪಾಡು. ಗಾಡಿ ಹಳೆಯದಾಗಿದ್ದು, ಬೆಳಗಾದಾಗ ಅದರ ಅಡಿಯಲ್ಲಿ ಪೆಟ್ರೋಲಿನ ಕಲೆ ಕಂಡರೆ ಅದನ್ನು ಬರಿಯ ಹಣದ ನಷ್ಟವೆಂದು ಎಣಿಸಲಾಗದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ಮೇಲೇರಿ ಚದರಿಹೋಗದೆ ನೆಲಕ್ಕಂಟಿ ಹರಿದು, ದೇವರ ದೀಪವನ್ನೋ ಅಡುಗೆಯ ಒಲೆಯನ್ನೋ ಅದು ಮುಟ್ಟಬಲ್ಲುದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಇವುಗಳ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಪುಟ್ಟ ಬಟ್ಟಲೊಂದಿದೆ. ಅದರೊಳಗೆ ಟೊಳ್ಳಾದ ತೇಲುಗುಂಡು. ಮಟ್ಟ ಏರಿದಂತೆ ಗುಂಡು ಮೇಲೆದ್ದು, ಮೊನೆಯುಳ್ಳ ಒಂದು ಸೂಜಿಯನ್ನು ಒಳಹರಿವಿನ ರಂಧ್ರಕ್ಕೆ ಒತ್ತಿ ಮುಚ್ಚುತ್ತದೆ. ಮನೆಯ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡು ಮಾಡುವ ಕೆಲಸವೇ ಇದು.

ಸೋರಿಕೆ ಕಂಡೊಡನೆ ಸ್ಪ್ಯಾನರು ಹಿಡಿಯುವುದು ನಮ್ಮ ಜನರ ರೂಢಿ. ಮೊದಲು ನೋಡಬೇಕು. ದ್ರವವು ಲೋಹದ ಮೈಗೆ ಅಂಟಿಕೊಂಡು ಇಳಿಯುವುದರಿಂದ ಹನಿ ಬೀಳುವ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ. ತಣ್ಣಗಾದ ಗಾಡಿಯನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ, ಕಾರ್ಬ್ಯುರೇಟರನ್ನು ಒರೆಸಿ ಒಣಗಿಸಿ, ಸೀಮೆಸುಣ್ಣದ ನುಣುಪಾದ ಪುಡಿಯನ್ನು ಹೊರಮೈಗೆ ತೆಳ್ಳಗೆ ಸವರಿ, ಪೆಟ್ರೋಲಿನ ನಲ್ಲಿ ತೆರೆಯಿರಿ. ಪುಡಿ ಮೊದಲು ಎಲ್ಲಿ ನೆನೆಯುವುದೋ ಅಲ್ಲಿದೆ ದೋಷ. ಬಟ್ಟಲಿನ ಅಂಚಿನಲ್ಲಿ ನೆನೆದರೆ ಗ್ಯಾಸ್ಕೆಟ್ಟು. ಕೊಳವೆಯ ತುದಿಯಲ್ಲಾದರೆ ರಬ್ಬರು. ಉಕ್ಕಿಹರಿಯುವ ರಂಧ್ರದಿಂದಲೇ ಬಂದರೆ ಒಳಗಿನ ಸೂಜಿ ಮುಚ್ಚುತ್ತಿಲ್ಲವೆಂದು ತಿಳಿಯಬೇಕು. ಚಳಿಯಲ್ಲಿ ಚಾಲನೆ ಸುಲಭವಾಗಲೆಂದು ತೇಲುಗುಂಡನ್ನು ಅದುಮುವ ಗುಂಡಿಯೊಂದು ಹಳೆಯ ಜಾವಾದಲ್ಲಿದೆ; ಅದು ಒತ್ತಿದಲ್ಲೇ ಸಿಕ್ಕಿಕೊಂಡರೂ ಹೀಗೆಯೇ ಉಕ್ಕುತ್ತದೆ.

ಸೂಜಿ ಏಕೆ ಮುಚ್ಚದು? ಟ್ಯಾಂಕಿನ ಒತ್ತಡ ಹೆಚ್ಚಾಯಿತೆಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಲೆಕ್ಕ ಹಾಕೋಣ. ಪೆಟ್ರೋಲಿನ ಮಟ್ಟ ಸೂಜಿಗಿಂತ 30 ಸೆಂಟಿಮೀಟರು ಮೇಲಿದೆ, ರಂಧ್ರದ ವ್ಯಾಸ 2 ಮಿಲಿಮೀಟರು ಎಂದಿಟ್ಟುಕೊಳ್ಳಿ. ಪೆಟ್ರೋಲಿನ ಸಾಂದ್ರತೆ ಸುಮಾರು 0.75. ಆಗ ಸೂಜಿಯ ಮೇಲೆ ಬೀಳುವ ಬಲ ಒಂದು ಗ್ರಾಮಿನ ಭಾರಕ್ಕಿಂತಲೂ ಕಡಿಮೆ, ಸುಮಾರು 0.7 ಗ್ರಾಮು! ತೇಲುಗುಂಡು 10 ಘನ ಸೆಂಟಿಮೀಟರು ಪೆಟ್ರೋಲನ್ನು ಸರಿಸಿದರೆ ಆರ್ಕಿಮಿಡೀಸನ ನಿಯಮದಂತೆ 7.5 ಗ್ರಾಮಿನ ಎತ್ತುವ ಬಲ ದೊರೆಯುತ್ತದೆ. ಒತ್ತಡ ನಿರಪರಾಧಿ. ಆದರೆ ಇಷ್ಟು ಸಣ್ಣ ಬಲಗಳ ಆಟದಲ್ಲಿ ಟ್ಯಾಂಕಿನ ತುಕ್ಕಿನ ಒಂದು ಕಣ, ಇಲ್ಲವೆ ಸೂಜಿಯ ಮೊನೆಯಲ್ಲಿ ಸವೆದ ಸಣ್ಣ ಉಂಗುರ, ಸೋರಿಕೆಗೆ ಸಾಕು. ಉಂಗುರ ಬೆರಳುಗುರಿಗೆ ತಾಕಿದರೆ ಸೂಜಿಯನ್ನು ಬದಲಿಸಬೇಕು.

ಹಿತ್ತಾಳೆಯ ತೇಲುಗುಂಡಿಗೆ ತೂತು ಬಿದ್ದಿದ್ದರೆ ಕಿವಿಯ ಬಳಿ ಅಲುಗಿಸಿದಾಗ ಒಳಗಿನ ಪೆಟ್ರೋಲು ಕುಲುಕುವ ಸದ್ದಾಗುತ್ತದೆ. ತೂತು ಎಲ್ಲಿದೆಯೆಂದು ತಿಳಿಯಲು, ಬೇರೆಡೆ ಕಾಯಿಸಿ ತಂದ ಬಿಸಿನೀರಿನಲ್ಲಿ ಅದನ್ನು ಮುಳುಗಿಸಬೇಕು. ಒಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ. ಒಳಗೆ ಪೆಟ್ರೋಲಿನ ಆವಿಯಿರುವಾಗ ಬೆಸುಗೆ ಹಾಕುವುದು ಮಾತ್ರ ಅಪಾಯ.

ಬೆಳಗಾವಿ ಜಿಲ್ಲೆಯವರಿಗೆ ಇದರಲ್ಲೊಂದು ವಿನೋದವಿದೆ. ಇಲ್ಲಿನ ಕಬ್ಬಿನಿಂದ ಎಥನಾಲು ತಯಾರಾಗುತ್ತದೆ. ದೇಶದ ಪೆಟ್ರೋಲಿನಲ್ಲಿ ಅದರ ಪಾಲು 2025ರಲ್ಲಿ ನೂರಕ್ಕೆ 20ನ್ನು ಮುಟ್ಟಿತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಅದಕ್ಕಾಗಿ ಮಾಡಿರದ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಆದುದರಿಂದ ಹಳೆಯ ಗಾಡಿಗೆ ಎಥನಾಲು ತಾಳುವ ಕೊಳವೆಯನ್ನೇ ಹಾಕಿಸುವುದು ಲೇಸು.

ಇಷ್ಟಾದರೂ, ನಿಂತ ಗಾಡಿ ನಲ್ಲಿ ಮುಚ್ಚಿದ್ದಾಗಲೂ ರಾತ್ರಿಯಿಡೀ ಉಕ್ಕುತ್ತಿದ್ದರೆ ದೋಷ ಒಂದಲ್ಲ, ಎರಡು: ಸೂಜಿಯೂ ಕೆಟ್ಟಿದೆ, ನಲ್ಲಿಯೂ ಕೆಟ್ಟಿದೆ. ಆ ಪೆಟ್ರೋಲು ಇಂಜಿನಿನ ತಳಕೋಣೆಗೂ ಇಳಿದಿರಬಹುದು. ಕಿಕ್ಕು ಗಟ್ಟಿಯಾಗಿ ನಿಂತರೆ ಬಲಾತ್ಕಾರ ಸಲ್ಲದು. ಗಾಡಿಯನ್ನು ಬಯಲಿಗೆ ತಳ್ಳಿ, ಇಗ್ನಿಷನ್ ಆರಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಅದರ ತಂತಿಯನ್ನು ದೂರವಿರಿಸಿ, ಆಮೇಲೆ ಮೆಲ್ಲನೆ ತುಳಿಯಬೇಕು.