ಅಕ್ಷರದ ಎಣಿಕೆ ಮತ್ತು ಕೋಡ್ ಎಡಿಟರ್: ಭಾಷಾ ಟಿಪ್ಪಣಿಯ ವೆಬ್ ಅನ್ವಯಗಳಲ್ಲಿ ಸ್ಥಾನನಿರ್ದೇಶನದ ಸಮಸ್ಯೆ

ಸಾರಾಂಶ: ಭಾಷಾ ದತ್ತಾಂಶಕ್ಕೆ ಟಿಪ್ಪಣಿ ಸೇರಿಸುವ ವೆಬ್ ಅನ್ವಯಗಳಲ್ಲಿ ಸಿದ್ಧ ಕೋಡ್ ಎಡಿಟರ್ ಘಟಕವನ್ನು ಅಳವಡಿಸಿಕೊಳ್ಳಬಹುದು. ಅಂತಹ ಘಟಕವು ಪಠ್ಯದಲ್ಲಿನ ಸ್ಥಾನವನ್ನು ಯಾವ ಮಾನದಿಂದ ಎಣಿಸುತ್ತದೆ ಎಂಬುದು ಲಿಪಿ ವಿಶ್ಲೇಷಣೆಗೆ ಸೇರಿದ ಪ್ರಶ್ನೆ ಎಂಬುದನ್ನು ಕನ್ನಡ ಹಾಗೂ ತುಳು-ತಿಗಳಾರಿ ಲಿಪಿಗಳ ಉದಾಹರಣೆಗಳ ಮೂಲಕ ಈ ಲೇಖನ ವಿವರಿಸುತ್ತದೆ.

ಪ್ರಮುಖ ಪದಗಳು: ಕೋಡ್ ಎಡಿಟರ್, ಯೂನಿಕೋಡ್, ಅಕ್ಷರ, ಪಠ್ಯಟಿಪ್ಪಣಿ, ತುಳು-ತಿಗಳಾರಿ

1. ಪೀಠಿಕೆ

ರೂಪವಿಜ್ಞಾನದ ನಿಯಮಗಳನ್ನು ಬರೆಯುವುದಕ್ಕೂ ಹಸ್ತಪ್ರತಿಗಳ ಪಾಠಕ್ಕೆ ವ್ಯಾಕರಣದ ಗುರುತು ಹಾಕುವುದಕ್ಕೂ ಬೇಕಾಗುವ ಸಾಲುಸಂಖ್ಯೆ, ಬಣ್ಣದ ಗುರುತು, ದೋಷಸೂಚನೆ ಮೊದಲಾದ ಸೌಲಭ್ಯಗಳು ಕೋಡ್ ಎಡಿಟರ್‌ಗಳಲ್ಲಿ ಸಿದ್ಧವಾಗಿವೆ. ಆದ್ದರಿಂದ ಕೋಡ್‌ಮಿರರ್ ಅಥವಾ ಮೊನಾಕೋ ಘಟಕವನ್ನು ವೆಬ್ ಪುಟದಲ್ಲಿ ಕೂರಿಸುವುದು ಸಹಜವಾದ ಆಯ್ಕೆ. ಮೊನಾಕೋ ಎಂಬುದು ವಿಶುವಲ್ ಸ್ಟುಡಿಯೋ ಕೋಡ್‌ನ ಸಂಪಾದನಾ ಭಾಗ. ಅದಕ್ಕೆ ಮೊಬೈಲ್ ಬ್ರೌಸರ್‌ಗಳಲ್ಲಿ ಬೆಂಬಲವಿಲ್ಲ. ಕ್ಷೇತ್ರಕಾರ್ಯದಲ್ಲಿ ಫೋನನ್ನೇ ಅವಲಂಬಿಸುವವರಿಗೆ ಕೋಡ್‌ಮಿರರ್‌ನ 6ನೆಯ ಆವೃತ್ತಿ ಹೆಚ್ಚು ಅನುಕೂಲಕರ. ಅಳವಡಿಕೆಯ ಕ್ರಮ ಸರಳ: ಪುಟದಲ್ಲಿ ಒಂದು ಚೌಕಟ್ಟು, ಅದಕ್ಕೆ ಆರಂಭಿಕ ಪಠ್ಯ, ಬೇಕಾದ ವಿಸ್ತರಣೆಗಳು, ಬದಲಾವಣೆಗಳನ್ನು ಸರ್ವರ್‌ಗೆ ಕಳುಹಿಸುವ ಒಂದು ಫಲನ. ತೊಡಕು ಹುಟ್ಟುವುದು ಈ ಕೊನೆಯ ಹಂತದಲ್ಲಿ.

2. ಒಂದು ಅಕ್ಷರ, ಹಲವು ಎಣಿಕೆ

‘ಸ್ತ್ರೀ’ ಎಂಬುದು ಓದುಗರಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ ಮತ್ತು ಈಕಾರದ ಚಿಹ್ನೆ ಎಂಬ 6 ಸಂಕೇತಬಿಂದುಗಳ ಸರಣಿ. ಯುಟಿಎಫ್-8ರಲ್ಲಿ 18 ಬೈಟ್‌ಗಳು. ಬಳಕೆದಾರರು ಒಂದು ಘಟಕವೆಂದು ಗ್ರಹಿಸುವುದನ್ನು ಹಿಡಿಯಲು ಯೂನಿಕೋಡ್ ‘ಗ್ರಾಫೀಮ್ ಗುಚ್ಛ’ವನ್ನು ವ್ಯಾಖ್ಯಾನಿಸಿದೆ. 2023ರ 15.1ನೆಯ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳ ಸಂಯುಕ್ತಾಕ್ಷರವನ್ನು ಒಂದೇ ಗುಚ್ಛವಾಗಿ ಉಳಿಸುವ ನಿಯಮ ಸೇರಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅದರಂತೆ ‘ಸ್ತ್ರೀ’ ಎಂಬುದು ‘ಸ್’, ‘ತ್’, ‘ರೀ’ ಎಂಬ 3 ಗುಚ್ಛಗಳಾಗಿ ಒಡೆಯುತ್ತದೆ. ಹೀಗೆ ಒಂದೇ ಅಕ್ಷರಕ್ಕೆ 1, 3, 6, 18 ಎಂಬ ನಾಲ್ಕು ಉತ್ತರಗಳು ದೊರೆಯುತ್ತವೆ.

3. ಗುರುತು ಜರುಗುವ ಬಗೆ

ಮೇಲಿನ ಎರಡೂ ಎಡಿಟರ್‌ಗಳು ಜಾವಾಸ್ಕ್ರಿಪ್ಟ್‌ನ ರೀತಿಯಲ್ಲಿ ಯುಟಿಎಫ್-16 ಏಕಮಾನಗಳನ್ನು ಎಣಿಸುತ್ತವೆ. ಸರ್ವರ್‌ನಲ್ಲಿ ಬಳಕೆಯಾಗುವ ಪೈಥಾನ್ ಸಂಕೇತಬಿಂದುಗಳನ್ನು ಎಣಿಸುತ್ತದೆ. ಕನ್ನಡದ ಪ್ರತಿಯೊಂದು ಸಂಕೇತಬಿಂದುವೂ ಒಂದೇ ಏಕಮಾನವಾದ್ದರಿಂದ ಕನ್ನಡ ಪಠ್ಯದಲ್ಲಿ ಎರಡೂ ಎಣಿಕೆಗಳು ಹೊಂದುತ್ತವೆ, ಪರೀಕ್ಷೆಯಲ್ಲಿ ದೋಷ ಕಾಣುವುದಿಲ್ಲ. ಆದರೆ 2024ರಲ್ಲಿ ಯೂನಿಕೋಡ್ 16.0ಕ್ಕೆ ಸೇರಿದ ತುಳು-ತಿಗಳಾರಿಯ ಪ್ರತಿ ಸಂಕೇತಬಿಂದುವಿಗೂ 2 ಏಕಮಾನಗಳು ಬೇಕು. ಕನ್ನಡ ಪಠ್ಯದ ನಡುವೆ ಆ ಲಿಪಿಯ 10 ಸಂಕೇತಬಿಂದುಗಳು ಉಲ್ಲೇಖಗೊಂಡರೆ ಮುಂದಿನ ಗುರುತುಗಳೆಲ್ಲ 10 ಸ್ಥಾನ ಜರುಗುತ್ತವೆ. ನಾಮಪದದ ಗುರುತು ಪಕ್ಕದ ಕ್ರಿಯಾಪದದ ಮೇಲೆ ಕುಳಿತಿದ್ದರೂ ದೋಷಸೂಚನೆ ಬರುವುದಿಲ್ಲ. ವಿದ್ಯಾರ್ಥಿಗಳು ಗುರುತು ಹಾಕಿದ್ದ ಪಾಠವೊಂದನ್ನು ಮರುಪರಿಶೀಲಿಸುವಾಗ ಪ್ರಸ್ತುತ ಲೇಖಕರಿಗೆ ಈ ಜರುಗುವಿಕೆ ಕಂಡುಬಂದಿತು.

ಕನ್ನಡದೊಳಗೂ ಎರಡು ಅಪಾಯಗಳಿವೆ. ಈಕಾರದ ಚಿಹ್ನೆಯನ್ನು ಒಂದೇ ಸಂಕೇತಬಿಂದುವಾಗಿಯೂ ಇಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಬಿಡಿಸಿದ ರೂಪದಲ್ಲಿ ‘ಸ್ತ್ರೀ’ಗೆ 7 ಸಂಕೇತಬಿಂದುಗಳು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಒತ್ತು ಸೇರದಂತೆ ತಡೆಯುವ ಅಗೋಚರ ಚಿಹ್ನೆಯೂ ಎಣಿಕೆಗೆ ಸೇರುತ್ತದೆ.

4. ಅನುಸರಿಸಬಹುದಾದ ಕ್ರಮ

ಮೊದಲನೆಯದಾಗಿ, ಪಠ್ಯವನ್ನು ಎಡಿಟರ್‌ಗೆ ಕೊಡುವ ಮುನ್ನವೇ ಯೂನಿಕೋಡ್‌ನ ಕೂಡಿಸಿದ ರೂಪಕ್ಕೆ ತರಬೇಕು. ಗುರುತು ಹಾಕಿದ ನಂತರ ತಂದರೆ ಸ್ಥಾನಗಳು ಕೆಡುತ್ತವೆ. ಎರಡನೆಯದಾಗಿ, ಸಂಪಾದನೆ ನಡೆಯುವಾಗ ಗುರುತುಗಳನ್ನು ಎಡಿಟರ್‌ನ ಅಲಂಕರಣ ವ್ಯವಸ್ಥೆಗೆ ಒಪ್ಪಿಸಬೇಕು. ಪಠ್ಯ ಬದಲಾದಂತೆ ಸ್ಥಾನಗಳನ್ನು ಸರಿಸುವ ಸೌಲಭ್ಯ ಅದರಲ್ಲಿದೆ. ಮೂರನೆಯದಾಗಿ, ಸರ್ವರ್‌ಗೆ ಕಳುಹಿಸುವಾಗ ಏಕಮಾನಗಳನ್ನು ಸಂಕೇತಬಿಂದುಗಳಾಗಿ ಪರಿವರ್ತಿಸಿ, ಬಳಸಿದ ಮಾನದ ಹೆಸರನ್ನು ದತ್ತಾಂಶದಲ್ಲಿಯೇ ದಾಖಲಿಸಬೇಕು. ನಾಲ್ಕನೆಯದಾಗಿ, ಸ್ಥಾನಸಂಖ್ಯೆಯ ಜೊತೆಗೆ ಗುರುತಿಸಿದ ಪದವನ್ನೂ ಉಳಿಸಬೇಕು. ಎರಡೂ ಹೊಂದದಿದ್ದಾಗ ದೋಷ ತಕ್ಷಣ ಹೊರಬೀಳುತ್ತದೆ. ಅಕ್ಷರವಿಭಜನೆಗೆ ಪ್ರತ್ಯೇಕ ಫಲನವಿರಲಿ: ವಿರಾಮವು ಮುಂದಿನ ವ್ಯಂಜನವನ್ನು ಕೂಡಿಸಬೇಕು, ಅಗೋಚರ ಚಿಹ್ನೆ ಬಂದಲ್ಲಿ ಕತ್ತರಿಸಬೇಕು. ಅದರ ಫಲಿತಾಂಶವನ್ನು ಪ್ರದರ್ಶನಕ್ಕೆ ಮಾತ್ರ ಬಳಸುವುದು ಕ್ಷೇಮ.

5. ಉಪಸಂಹಾರ

ಬೃಹತ್ ಪಠ್ಯಸಂಗ್ರಹಗಳಿರುವ ಭಾಷೆಗಳಲ್ಲಿ ಕೆಲವು ಸಾವಿರ ಗುರುತುಗಳು ಜರುಗಿದರೂ ನಷ್ಟ ಅಲ್ಪ. ಕೈಯಿಂದ ಗುರುತಿಸಿದ ಪಠ್ಯವೇ ವಿರಳವಾಗಿರುವ ತುಳುವಿನಂತಹ ಭಾಷೆಗೆ ಆ ನಷ್ಟ ತುಂಬಲಾರದ್ದು. ಅಕ್ಷರವೆಂದರೇನು ಎಂಬುದು ನಮ್ಮ ವ್ಯಾಕರಣ ಪರಂಪರೆ ಬಹುಕಾಲ ಚರ್ಚಿಸಿದ ವಿಷಯ. ಎಡಿಟರನ್ನು ಆರಿಸುವ ದಿನವೇ ಭಾಷಾವಿಜ್ಞಾನಿಯು ಆ ಪ್ರಶ್ನೆಗೆ ತನ್ನ ಉತ್ತರವನ್ನು ಬರೆದಿಡಬೇಕು. ಇಲ್ಲವಾದರೆ ತಂತ್ರಾಂಶವು ತನ್ನ ಉತ್ತರವನ್ನೇ ದತ್ತಾಂಶದಲ್ಲಿ ನೆಲೆಗೊಳಿಸುತ್ತದೆ.