ತಣ್ಣೀರಿನ ಪುಣ್ಯ ಮಕ್ಕಳಿಗೆ ಈಜು ಕಲಿಸಲಿ

ಮಾಘ ಹುಣ್ಣಿಮೆಯ ಬೆಳಗ್ಗೆ ಶ್ರೀರಂಗಪಟ್ಟಣದ ಸಂಗಮದಲ್ಲಿ, ಪಶ್ಚಿಮವಾಹಿನಿಯಲ್ಲಿ, ಗಂಜಾಂನ ನಿಮಿಷಾಂಬ ಗುಡಿಯ ಮೆಟ್ಟಿಲ ಮೇಲೆ ಜನವೋ ಜನ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಿಂದ ಕತ್ತಲಲ್ಲೇ ಹೊರಟು ಬಂದವರು ಹಲ್ಲು ಕಟಕಟ ಎನ್ನುತ್ತಿದ್ದರೂ ನೀರಿಗಿಳಿದು, ಮೂಗು ಹಿಡಿದು ಮೂರು ಮುಳುಗು ಹಾಕುತ್ತಾರೆ. ದಡ ಹತ್ತಿದ ಮೇಲೆ ಕೈಲಾದಷ್ಟು ದಾನ. ಪಕ್ಕದ ತಿರುಮಕೂಡಲು ನರಸೀಪುರದಲ್ಲಿ 1989ರಲ್ಲಿ ಶುರುವಾದ ಕುಂಭಮೇಳ ಕೂಡ ಇದೇ ಮಾಘದ ಚಳಿಯಲ್ಲಿ ನಡೆಯುತ್ತದೆ. ಈಚಿನದು 2025ರ ಫೆಬ್ರುವರಿ 10ರಿಂದ 12ರವರೆಗೆ ನಡೆಯಿತು. ಊರೆಲ್ಲ ಸೇರಿ ತಣ್ಣೀರಿಗಿಳಿಯುವುದು, ಇಳಿದು ಬಂದು ಕೊಡುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಇದೇ ಕೆಲಸವನ್ನು ಬೇರೆ ದೇಶದವರು ಇನ್ನೊಂದು ರೀತಿಯಲ್ಲಿ ಮಾಡುತ್ತಾರೆ. ಲಂಡನ್ನಿನ ಹೈಡ್ ಪಾರ್ಕ್‌ನ ಸರ್ಪಂಟೈನ್ ಕೆರೆಯಲ್ಲಿ 1864ರಷ್ಟು ಹಿಂದೆಯೇ ಹುಟ್ಟಿದ ಈಜು ಸಂಘವೊಂದಿದೆ. ಅದರ ಸದಸ್ಯರು ಪ್ರತಿ ಕ್ರಿಸ್‌ಮಸ್ ಬೆಳಗ್ಗೆ ಕೊರೆಯುವ ನೀರಿನಲ್ಲಿ ಪಂದ್ಯ ಕಟ್ಟಿ ಈಜುತ್ತಾರೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಚಳಿಗಾಲದ ನಡುವೆ ಸಾವಿರಾರು ಜನ ಚೆಸಪೀಕ್ ಕೊಲ್ಲಿಗೆ ಒಟ್ಟಿಗೆ ಧುಮುಕುತ್ತಾರೆ. ಮುಂದಾಳತ್ವ ಪೊಲೀಸರದು, ಕೂಡಿದ ಹಣ ಬೌದ್ಧಿಕ ಅಂಗವೈಕಲ್ಯವಿರುವವರ ಸ್ಪೆಷಲ್ ಒಲಿಂಪಿಕ್ಸ್ ಕ್ರೀಡೆಗೆ. ನೀರಲ್ಲಿ ಇರುವುದು ನಾಲ್ಕಾರು ನಿಮಿಷ. ಅದಕ್ಕೆ ಮುಂಚೆ ವಾರಗಟ್ಟಲೆ ಒಬ್ಬೊಬ್ಬರೂ ನೆಂಟರಿಷ್ಟರ, ಜೊತೆಗೆ ದುಡಿಯುವವರ ಬಳಿ ಹೋಗಿ, 'ನಾನು ನೀರಿಗಿಳಿಯುತ್ತೇನೆ, ನೀವೆಷ್ಟು ಕೊಡುತ್ತೀರಿ?' ಎಂದು ಕೇಳಿರುತ್ತಾರೆ. ನಿಜವಾದ ಶ್ರಮ ಅದೇ.

ಮಂಡ್ಯದ ನೀರು ಅಷ್ಟು ತಣ್ಣಗಿರುವುದಿಲ್ಲ. ಸಂಕ್ರಾಂತಿಯ ಮುಂಜಾನೆ ನಾಲೆಯ ಮೇಲೆ ಹಬೆ ಏಳುತ್ತದಲ್ಲ, ಗಾಳಿಗಿಂತ ನೀರೇ ಬೆಚ್ಚಗಿರುವುದರಿಂದ ಅದು ಏಳುತ್ತದೆ. ಇಲ್ಲಿ ಜೀವ ಹೋಗುವುದು ಚಳಿಗಲ್ಲ, ಈಜು ಬಾರದೆ.

ವಿಶ್ವೇಶ್ವರಯ್ಯ ನಾಲೆ ಈ ಸೀಮೆಯ ತಾಯಿ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯಿಂದ ಹೊರಟು, ಹುಲಿಕೆರೆಯ ಸುರಂಗ ದಾಟಿ ಬಂದ ಈ ನೀರು, ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಂಡು, ರಾಗಿ ನೆಲವನ್ನು ಭತ್ತ ಕಬ್ಬಿನ ಗದ್ದೆಯಾಗಿಸಿತು. ಅದರ ಕವಲುಗಳು ಮದ್ದೂರು, ಮಳವಳ್ಳಿಯ ಹೊಲಗಳವರೆಗೂ ಹೋಗುತ್ತವೆ. ಆ ನಾಲೆಯಲ್ಲೇ 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಉರುಳಿ 30 ಜನ ಸತ್ತರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಸೇರಿ. ಮುಳುಗಿದ ಬಸ್ಸಿನೊಳಗೆ ಈಜು ಬಂದರೂ ಎಷ್ಟು ಉಪಯೋಗವಾಗುತ್ತಿತ್ತೋ. ಆದರೆ ಮಿಕ್ಕ ಸಾವುಗಳು ಹಾಗಲ್ಲ. ಒಂಟಿಯಾಗಿ, ಹಗಲು ಹೊತ್ತಿನಲ್ಲಿ, ದಡದಿಂದ ಎರಡು ಮಾರು ದೂರದಲ್ಲಿ ಆಗುವಂಥವು.

ನಾಲೆಯ ಸೋಪಾನದ ಕಲ್ಲು ನೋಡಿ. ನೀರು ಮುಟ್ಟುವ ಮೆಟ್ಟಿಲಿಗೆ ಪಾಚಿ ಹಿಡಿದಿರುತ್ತದೆ, ಅದರ ಮೇಲೆ ಸೋಪಿನ ನೊರೆ. ಬಟ್ಟೆ ಜಾಲಿಸುವಾಗ ಕೈ ಜಾರಿದ ದುಪಟಿಯನ್ನು ಹಿಡಿಯಲು ಹುಡುಗಿ ಒಂದು ಹೆಜ್ಜೆ ಮುಂದಿಡುತ್ತಾಳೆ. ಅವಳನ್ನು ಎಳೆಯಲು ಅಮ್ಮ, ಅಮ್ಮನನ್ನು ಎಳೆಯಲು ಚಿಕ್ಕಮ್ಮ. ಮೊದಲು ಮಣ್ಣಿನ ಏರಿಯಾದರೆ ಹಿಡಿಯಲು ಹುಲ್ಲೋ ಬೇರೋ ಇರುತ್ತಿತ್ತು. ಕಾಂಕ್ರೀಟ್ ಹೊದಿಸಿದ ಇಳಿಜಾರಿನಲ್ಲಿ ಉಗುರು ಊರಲೂ ಜಾಗವಿಲ್ಲ. ನೀರು ಪೋಲಾಗಬಾರದೆಂದು ಮಾಡಿದ ಕೆಲಸ ಅದು, ಬೇಕಾದದ್ದೇ; ಹತ್ತಲು ಏಣಿ, ಹಿಡಿಯಲು ಸರಪಳಿ ಕೂಡ ಅದರ ಜೊತೆಗೇ ಬರಬೇಕಿತ್ತು.

ಹಿಂದಿನವರು ಈಜು ಕಲಿತದ್ದು ಬಾವಿಯಲ್ಲಿ. ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅಣ್ಣನೋ ಮಾವನೋ ನೀರಿಗೆ ದಬ್ಬುತ್ತಿದ್ದರು. ಬೋರ್‌ವೆಲ್ ಬಂತು, ಬಾವಿ ಬತ್ತಿತು, ಬುರುಡೆ ಕಟ್ಟುವ ಮಾವಂದಿರೂ ಇಲ್ಲವಾದರು. ನಾಲೆ ಮಾತ್ರ ಹಾಗೇ ತುಂಬಿ ಹರಿಯುತ್ತಿದೆ. ಹೆಣ್ಣುಮಕ್ಕಳಿಗಂತೂ ಬಾವಿ ಇದ್ದಾಗಲೂ ಕಲಿಸಿದವರು ಕಡಿಮೆ. ದಿನಾ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುವವರು ಅವರೇ ಎನ್ನುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶಾಲಾ ಮಕ್ಕಳಿಗೆ ಈಜು ಕಲಿಸಿ ಎನ್ನುವುದು ಅದು ಹೇಳುವ ಮದ್ದುಗಳಲ್ಲೊಂದು. ಈಜುಕೊಳ ಕಟ್ಟಲು ಕೋಟಿ ಎಲ್ಲಿಂದ ತರುವುದು ಎನ್ನುವವರು ಬಾಂಗ್ಲಾದೇಶವನ್ನು ನೋಡಬೇಕು. ಅಲ್ಲಿ ಹಳ್ಳಿಯ ಹೊಂಡದೊಳಗೇ ಬಿದಿರಿನ ಅಟ್ಟಣೆ ಕಟ್ಟುತ್ತಾರೆ: ಮಗುವಿನ ಎದೆಮಟ್ಟಕ್ಕೆ ನೀರು ಬರುವಂತೆ ತಳದಲ್ಲಿ ಬಿದಿರು, ಸುತ್ತ ಹಿಡಿದುಕೊಳ್ಳಲು ಬಿದಿರಿನ ಕಟಕಟೆ. ಕಲಿಸುವವರು ಊರಿನ ಯುವಕ ಯುವತಿಯರೇ. ಮಗು 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು, ಮುಳುಗುವವರನ್ನು ದಡದಲ್ಲಿ ನಿಂತೇ ಹೇಗೆ ಎಳೆಯಬೇಕೆಂದು ಅರಿತಿರಬೇಕು. ಅಲ್ಲಿಗೆ ಪಾಸು. ಮೂರನೆಯ ಪಾಠ ನಮ್ಮ ದೊಡ್ಡವರಿಗೂ ಬೇಕು: ನೀರಿಗೆ ಹಾರಬೇಡಿ, ಸೀರೆ ಎಸೆಯಿರಿ, ಗಳ ಚಾಚಿ, ಖಾಲಿ ಬಿಂದಿಗೆಯನ್ನಾದರೂ ತೇಲಿಬಿಡಿ.

ಇದಕ್ಕೆ ಹಣ ಕೂಡಿಸಲು ನಮ್ಮಲ್ಲೂ ದಾರಿಯಿದೆ. ಸಂಕ್ರಾಂತಿಯ ಬೆಳಗ್ಗೆ ಹೇಗೂ ದನಗಳ ಮೈ ತೊಳೆಯಲು ಊರೇ ಕೆರೆ ಹತ್ತಿರ ಇರುತ್ತದೆ. ಮದ್ದೂರು, ಮಳವಳ್ಳಿ ಸುತ್ತಿನ ಕೆರೆಗಳಲ್ಲಿ ಚರಂಡಿ ನೀರು ಸೇರದ ಒಂದನ್ನು ಆರಿಸಿ, ಅಡ್ಡಲಾಗಿ ಹಗ್ಗ ಕಟ್ಟಿ, ತೆಪ್ಪದಲ್ಲಿ ಅಂಬಿಗರನ್ನು ಕಾವಲಿಟ್ಟು, ಈಜು ಬಲ್ಲವರು ಬಿಸಿಲೇರುವ ಮುಂಚೆ ಒಂದು ಸುತ್ತು ಈಜಲಿ. ಹರಿಯುವ ನಾಲೆ ಬೇಡ, ಮುತ್ತತ್ತಿಯ ಹೊಳೆಯ ಸುಳಿಗಳಂತೂ ಬೇಡವೇ ಬೇಡ. ಈಜುವವರ ಹೆಸರಿನಲ್ಲಿ ಒಬ್ಬರು ನೂರು ರೂಪಾಯಿ ಬರೆಸಲಿ, ಇನ್ನೊಬ್ಬರು ಆಲೆಮನೆಯಿಂದ ನಾಲ್ಕು ಅಚ್ಚು ಬೆಲ್ಲ, ಮತ್ತೊಬ್ಬರು ಒಂದು ಮೂಟೆ ಭತ್ತ. ಸುಗ್ಗಿಯಲ್ಲಿ ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸದ ಊರುಗಳಿವು. ಕೂಡಿದ್ದರಲ್ಲಿ ಬಿದಿರು, ಹಗ್ಗ, ಟ್ಯೂಬು ಬರಲಿ. ಕಲಿಸುವ ಇಬ್ಬರಿಗೆ ಸಂಬಳ ಸಿಗಲಿ, ಇಬ್ಬರಲ್ಲಿ ಒಬ್ಬಳು ಹೆಂಗಸಾಗಿರಲಿ. ಬೇಸಿಗೆ ರಜೆಗೆ ಆಗ ಇನ್ನೂ ಮೂರು ತಿಂಗಳಿರುತ್ತದೆ, ಅಟ್ಟಣೆ ಕಟ್ಟಲು ಅಷ್ಟು ಕಾಲ ಧಾರಾಳ.